ಈಚಲ ಮರವೂ ಮಣ್ಣಿನ ಮಡಕೆಯೂ

ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದರೂ ಜನರು ಅದನ್ನು ಹೆಂಡವೆಂದೇ ತಿಳಿಯುತ್ತಾರೆಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಸಹವಾಸದಿಂದ ಬರುವ ಅಪವಾದವನ್ನು ಕುರಿತು ಹುಟ್ಟಿದ ಮಾತಿದು. ಆದರೆ ಇದರೊಳಗೆ ನಮ್ಮ ನಾಡಿನ ಒಂದು ಹಳೆಯ ಕಸುಬಿನ ಚರಿತ್ರೆಯೂ ಅಡಗಿದೆ. ಮಾದಕ ಪಾನೀಯವೆಂದರೆ ಇಂದು ಗಾಜಿನ ಸೀಸೆ, ಬಣ್ಣದ ಚೀಟಿ, ದೊಡ್ಡ ಕಾರ್ಖಾನೆ ಕಣ್ಣ ಮುಂದೆ ಬರುತ್ತವೆ. ಹಿಂದಿನ ಕಾಲದಲ್ಲಿ ಅದು ಸಿದ್ಧವಾಗುತ್ತಿದ್ದುದು ಮರದ ನೆತ್ತಿಯಲ್ಲಿ, ಇಲ್ಲವೇ ಮನೆಯ ಹಿತ್ತಿಲಿನಲ್ಲಿಟ್ಟ ಮಣ್ಣಿನ ಮಡಕೆಯಲ್ಲಿ. ಯಂತ್ರವಿಲ್ಲ, ಬೆಂಕಿಯೂ ಬಹುಮಟ್ಟಿಗೆ ಬೇಕಿಲ್ಲ. ಬೇಕಾದುದು ಸಿಹಿಯಾದ ರಸ, ಹದವಾದ ಹವೆ, ಒಂದಿಷ್ಟು ಕಾಲ, ಇಷ್ಟೇ.

ಈ ಕಸುಬಿನ ಕಥೆಯನ್ನು ತಿಳಿಯಬಯಸುವವರಿಗೆ ಸೋಲೂರಿಗಿಂತ ಅರ್ಥಪೂರ್ಣವಾದ ಸ್ಥಳ ದೊರೆಯಲಾರದು. ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ನೆಲಮಂಗಲವನ್ನು ಹಿಂದೆ ಬಿಟ್ಟು ಕುಣಿಗಲಿನ ಕಡೆಗೆ ಸಾಗಿದರೆ, ಮಾಗಡಿ ಸೀಮೆಯ ಈ ಊರು ಎದುರಾಗುತ್ತದೆ. ಸುತ್ತಲೂ ರಾಗಿಯ ಹೊಲಗಳ ನಾಡು. ಆರ್ಯ ಈಡಿಗ ಮಹಾಸಂಸ್ಥಾನದ ಪೀಠವಿರುವುದು ಇಲ್ಲಿಯೇ. ಈಡಿಗರೆಂಬ ಹೆಸರು ಹೆಂಡ ಇಳಿಸುವ ಕಸುಬಿನಿಂದಲೇ ಬಂದುದೆಂದು ಸಾಮಾನ್ಯವಾಗಿ ಹೇಳುತ್ತಾರೆ. ತಲೆತಲಾಂತರದಿಂದ ಮರವನ್ನು ಏರಿ ಹೆಂಡವನ್ನು ಇಳಿಸಿದ ಜನಾಂಗವೊಂದು, ಮದ್ಯವನ್ನು ತಯಾರಿಸಲೇಬಾರದೆಂದು ಬೋಧಿಸಿದ ಬ್ರಹ್ಮಶ್ರೀ ನಾರಾಯಣ ಗುರುಗಳನ್ನು ತನ್ನ ಗುರುವೆಂದು ಪೂಜಿಸುತ್ತಿರುವುದು ಸಾಮಾನ್ಯ ಸಂಗತಿಯಲ್ಲ. ಮರದಿಂದ ಮಠದವರೆಗಿನ ಈ ಹಾದಿ ಎಂತಹುದೆಂಬುದನ್ನು ಅರಿಯಬೇಕಾದರೆ, ಮೊದಲು ಮಡಕೆಯೊಳಗೆ ನಡೆಯುತ್ತಿದ್ದುದೇನೆಂಬುದನ್ನು ತಿಳಿಯಬೇಕು.

ಮರ ಕೊಟ್ಟ ಸಿಹಿನೀರು

ಹಳೆಯ ಮೈಸೂರು ಸೀಮೆಯಲ್ಲಿ ಹೆಂಡವೆಂದರೆ ಮುಖ್ಯವಾಗಿ ಈಚಲ ಮರದ ಹೆಂಡ. ಕರಾವಳಿಯಲ್ಲಿ ತೆಂಗು ಮತ್ತು ತಾಳೆ, ಮಲೆನಾಡಿನಲ್ಲಿ ಬಗನಿ ಈ ಕೆಲಸಕ್ಕೆ ಒದಗುತ್ತಿದ್ದರೆ, ಬಯಲು ಸೀಮೆಯಲ್ಲಿ ಹಳ್ಳದ ಬದಿ, ಕೆರೆಯ ಹಿಂದಣ ತಗ್ಗುಗಳಲ್ಲಿ ತಾನಾಗಿ ಬೆಳೆಯುವ ಈಚಲೇ ಆಧಾರ. ತೆಂಗಿನಲ್ಲಿ ಎಳೆಯ ಹೊಂಬಾಳೆಯನ್ನು ಕಟ್ಟಿ, ಅದರ ತುದಿಯನ್ನು ಕತ್ತರಿಸಿ ರಸವನ್ನು ತೆಗೆಯುತ್ತಾರೆ. ಈಚಲಿನ ರೀತಿ ಬೇರೆ. ಚಳಿಗಾಲ ಕಾಲಿಡುವ ವೇಳೆಗೆ ಮರದ ತಲೆಯ ಕೆಳಭಾಗದಲ್ಲಿ ಒಂದು ಪಕ್ಕದ ಗರಿಗಳನ್ನು ಸವರಿ, ಒಳಗಿನ ಮೃದುವಾದ ಭಾಗ ಕಾಣುವಂತೆ ತೊಗಟೆಯನ್ನು ಕೆತ್ತುತ್ತಾರೆ. ಆ ಗಾಯ ಕೆಲವು ದಿನ ಒಣಗಿದ ಮೇಲೆ ಸಂಜೆಯ ಹೊತ್ತು ಹರಿತವಾದ ಕತ್ತಿಯಿಂದ ತೆಳುವಾಗಿ ಹೆರೆದು, ಒಂದು ಸಣ್ಣ ದೋಣಿಯಂತಹ ಕಡ್ಡಿಯನ್ನು ಚುಚ್ಚಿ, ಅದರ ಕೆಳಗೆ ಗಡಿಗೆಯನ್ನು ಕಟ್ಟಿ ಇಳಿಯುತ್ತಾರೆ. ರಾತ್ರಿಯೆಲ್ಲ ರಸ ತೊಟ್ಟಿಕ್ಕುತ್ತದೆ. ಬೆಳಗಿನ ಜಾವದಲ್ಲಿ ಮತ್ತೆ ಮರವೇರಿ ಗಡಿಗೆಯನ್ನು ಇಳಿಸಬೇಕು.

ಕತ್ತಿಯನ್ನು ಎಷ್ಟು ಆಳಕ್ಕೆ ಇಳಿಸಬೇಕೆಂಬುದರಲ್ಲಿಯೇ ಜಾಣತನವೆಲ್ಲ. ಹೆಚ್ಚು ಆಳವಾದರೆ ಮರ ಸಾಯುತ್ತದೆ. ಕಡಿಮೆಯಾದರೆ ರಸ ಬಾರದು. ದಿನವೂ ಕೆತ್ತುವಂತಿಲ್ಲ, ನಡುನಡುವೆ ಮರಕ್ಕೆ ವಿಶ್ರಾಂತಿ ಕೊಡಬೇಕು. ಒಂದು ವರ್ಷ ಒಂದು ಪಕ್ಕ ಕೆತ್ತಿದರೆ ಮರುವರ್ಷ ಎದುರು ಪಕ್ಕ. ಹೀಗೆ ವರ್ಷವರ್ಷವೂ ಪಕ್ಕ ಬದಲಾಯಿಸುವುದರಿಂದ ಹಳೆಯ ಈಚಲ ಮರದ ಕಾಂಡವು ಅಂಕುಡೊಂಕಾಗಿ, ಮೆಟ್ಟಿಲು ಕಡಿದಂತೆ ಕಾಣುತ್ತದೆ. ಆ ಗಾಯದ ಗುರುತುಗಳನ್ನು ಎಣಿಸಿದರೆ ಮರವು ಎಷ್ಟು ವರ್ಷ ಹೆಂಡ ಕೊಟ್ಟಿತೆಂಬುದನ್ನು ಹೇಳಬಹುದು.

ಮರದಿಂದ ತೊಟ್ಟಿಕ್ಕುವಾಗ ಈ ರಸ ಹೆಂಡವಲ್ಲ. ಅದು ತಿಳಿಯಾದ, ಸಿಹಿಯಾದ ನೀರು. ನೂರು ಪಾಲಿನಲ್ಲಿ ಹತ್ತು ಪಾಲಿಗೂ ಮಿಕ್ಕಿ ಸಕ್ಕರೆಯಿರುತ್ತದೆ. ಗಡಿಗೆಯ ಒಳಮೈಗೆ ಸುಣ್ಣ ಬಳಿದರೆ ಅದು ಸಿಹಿಯಾಗಿಯೇ ಉಳಿಯುತ್ತದೆ, ಅದೇ ನೀರಾ. ಕುದಿಸಿ ಇಂಗಿಸಿದರೆ ಬೆಲ್ಲವಾಗುತ್ತದೆ. ಸುಣ್ಣವಿಲ್ಲದ ಗಡಿಗೆಯಲ್ಲಿ ಮಾತ್ರ ಬೇರೊಂದು ವ್ಯಾಪಾರ ಆರಂಭವಾಗುತ್ತದೆ. ಹಿಂದಿನ ದಿನದ ಗಡಿಗೆಯ ಮಣ್ಣಿನ ರಂಧ್ರಗಳಲ್ಲಿ, ಗಾಳಿಯಲ್ಲಿ, ಮರದ ಮೈಯಲ್ಲಿ ಇರುವ ಯೀಸ್ಟ್ ಎಂಬ ಸೂಕ್ಷ್ಮಜೀವಿಗಳು ರಸವನ್ನು ಸೇರಿ ಸಕ್ಕರೆಯನ್ನು ತಿನ್ನತೊಡಗುತ್ತವೆ. ಅವು ಸಕ್ಕರೆಯನ್ನು ಮದ್ಯಸಾರವಾಗಿಯೂ ಇಂಗಾಲದ ವಾಯುವಾಗಿಯೂ ಮಾರ್ಪಡಿಸುತ್ತವೆ. ವಾಯುವಿನಿಂದ ನೊರೆ, ಮದ್ಯಸಾರದಿಂದ ಅಮಲು. ಸೂರ್ಯೋದಯಕ್ಕೆ ಸಿಹಿಯಾಗಿದ್ದುದು ಮಧ್ಯಾಹ್ನಕ್ಕೆ ಬೆಳ್ಳಗೆ ನೊರೆಗಟ್ಟಿ, ಸಂಜೆಗೆ ಹುಳಿಯೇರಿ, ಮರುದಿನ ಕಳೆದರೆ ವಿನಿಗರ್ ಆಗುವತ್ತ ಹೊರಡುತ್ತದೆ. ಚೆನ್ನಾಗಿ ಹುದುಗಿದ ಹೆಂಡದಲ್ಲಿಯೂ ಮದ್ಯಸಾರ ನೂರಕ್ಕೆ ನಾಲ್ಕರಿಂದ ಆರರಷ್ಟು ಮಾತ್ರ, ಹೆಚ್ಚುಕಡಿಮೆ ಬಿಯರಿನಷ್ಟೇ.

ಧಾನ್ಯದ ಕಷ್ಟ

ಮರದ ರಸದಲ್ಲಿ ಸಕ್ಕರೆ ಸಿದ್ಧವಾಗಿರುತ್ತದೆ. ಧಾನ್ಯದಲ್ಲಿ ಹಾಗಿಲ್ಲ. ಅಕ್ಕಿ, ರಾಗಿ, ಬಾರ್ಲಿಗಳಲ್ಲಿ ಇರುವುದು ಪಿಷ್ಟ. ಯೀಸ್ಟಿಗೆ ಪಿಷ್ಟ ದಕ್ಕದು. ಪಿಷ್ಟವನ್ನು ಮೊದಲು ಸಕ್ಕರೆಯಾಗಿಸಬೇಕು. ಬಿಯರ್ ತಯಾರಿಕೆಯ ಹಳೆಯ ವಿಧಾನಗಳೆಲ್ಲವೂ ಈ ಒಂದು ತೊಡಕನ್ನು ಬಿಡಿಸುವ ಉಪಾಯಗಳೇ.

ಒಂದು ಉಪಾಯ ಮೊಳಕೆ ಬರಿಸುವುದು. ಕಾಳು ಮೊಳೆಯುವಾಗ ಎಳೆಯ ಸಸಿಗೆ ಆಹಾರವಾಗಲೆಂದು ತನ್ನ ಪಿಷ್ಟವನ್ನು ತಾನೇ ಸಕ್ಕರೆಯಾಗಿ ಒಡೆಯುವ ಕಿಣ್ವಗಳನ್ನು ಉಂಟುಮಾಡುತ್ತದೆ. ಯುರೋಪಿನವರು ಬಾರ್ಲಿಗೆ ಮಾಡುವುದು ಇದನ್ನೇ. ನಮ್ಮ ಗೃಹಿಣಿಯರಿಗೆ ಇದು ಹೊಸ ವಿದ್ಯೆಯಲ್ಲ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ನೆರಳಿನಲ್ಲಿ ಒಣಗಿಸಿ, ಹದವಾಗಿ ಹುರಿದು ಬೀಸಿ ಕೂಸುಗಳಿಗೆ ಮಾಲ್ಟ್ ಮಾಡುವಾಗ ಅವರು ಬಿಯರ್ ತಯಾರಿಕೆಯ ಅರ್ಧ ದಾರಿಯನ್ನು ನಡೆದಿರುತ್ತಾರೆ! ಮಾಲ್ಟಿನ ಗಂಜಿ ಬೇಗ ತೆಳುವಾಗುವುದೂ, ಸಕ್ಕರೆ ಹಾಕದಿದ್ದರೂ ನಸುಸಿಹಿಯಾಗಿರುವುದೂ ಆ ಕಿಣ್ವಗಳ ಮಹಿಮೆಯಿಂದಲೇ. ಆ ಗಂಜಿಯನ್ನು ಯೀಸ್ಟಿನ ಕೈಗೆ ಒಪ್ಪಿಸಿದರೆ ಉಳಿದರ್ಧ ದಾರಿ ತಾನಾಗಿ ಸಾಗುತ್ತದೆ.

ರಾಗಿಯ ತವರಾದ ಪೂರ್ವ ಆಫ್ರಿಕದಲ್ಲಿ ನಡೆಯುವುದು ಹೀಗೆಯೇ. ಉಗಾಂಡದ ತೇಸೊ ಜನರು ರಾಗಿಯಿಂದ ಅಜೊನ್ ಎಂಬ ಬಿಯರನ್ನು ಮಾಡುತ್ತಾರೆ. ಒಂದೇ ದೊಡ್ಡ ಮಡಕೆಯನ್ನು ನಡುವೆ ಇಟ್ಟು, ಬಿಸಿನೀರು ಬೆರೆಸಿ, ಸುತ್ತಲೂ ಕುಳಿತ ಹಿರಿಯರು ಉದ್ದವಾದ ಕೊಳವೆಗಳಿಂದ ಹೀರುತ್ತಾರೆ. ನಮ್ಮದೇ ದೇಶದ ಸಿಕ್ಕಿಂ ಮತ್ತು ಡಾರ್ಜಿಲಿಂಗ್ ಬೆಟ್ಟಗಳಲ್ಲಿಯೂ ನೇಪಾಳದಲ್ಲಿಯೂ ಬೇಯಿಸಿದ ರಾಗಿಗೆ ಮರ್ಚಾ ಎಂಬ ಹುದುಗಿನ ಬಿಲ್ಲೆಯನ್ನು ಪುಡಿಮಾಡಿ ಬೆರೆಸಿ ಹುಳಿಯಬಿಡುತ್ತಾರೆ. ಹುದುಗಿದ ಕಾಳನ್ನು ಬಿದಿರಿನ ಪಾತ್ರೆಗೆ ತುಂಬಿ, ಮೇಲೆ ಬಿಸಿನೀರು ಹೊಯ್ದು, ಸಣ್ಣ ಬಿದಿರು ಕೊಳವೆಯಿಂದ ಹೀರುವ ತೋಂಬಾ ಅಲ್ಲಿಯ ಚಳಿಗೆ ಪ್ರಸಿದ್ಧವಾದುದು. ನಮ್ಮ ಮಲೆನಾಡಿನಲ್ಲಿ ಅಕ್ಕಿಯಿಂದ ಬೋಜವೆಂಬ ಪಾನೀಯವನ್ನು ಮನೆಗಳಲ್ಲಿ ಹುದುಗಿಸುತ್ತಿದ್ದರು. ದೂರದ ತುರ್ಕಿಯಲ್ಲಿಯೂ ಧಾನ್ಯವನ್ನು ಹುಳಿಯಿಸಿ ಮಾಡುವ ಪಾನೀಯಕ್ಕೆ ಬೋಜಾ ಎಂದೇ ಹೆಸರಿರುವುದು ಕುತೂಹಲಕರ.

ಮಾಗಡಿಯ ಕಡೆ ರಾಗಿ ಮುದ್ದೆಯಾಯಿತು, ಅಂಬಲಿಯಾಯಿತು. ಮಾದಕ ಪಾನೀಯಕ್ಕೆ ಈಚಲು ಒದಗಿತು. ಇದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಮರವು ಸಿದ್ಧವಾದ ಸಕ್ಕರೆಯನ್ನು ಕೊಡುತ್ತಿರುವಾಗ ಹೊಟ್ಟೆಗೆ ಬೇಕಾದ ಧಾನ್ಯವನ್ನು ಮಡಕೆಗೆ ಹಾಕುವವರಾರು?

ಇಡ್ಲಿಯ ಹಿಟ್ಟೂ ಕೌಟಿಲ್ಯನ ಕಿಣ್ವವೂ

ಇನ್ನೊಂದು ಉಪಾಯ ಹುದುಗಿನ ಮುದ್ದೆಯನ್ನು ಬೆರೆಸುವುದು. ಇದು ಭಾರತದಲ್ಲಿ ಎಷ್ಟು ಹಳೆಯದೆಂಬುದಕ್ಕೆ ಕೌಟಿಲ್ಯನ ಅರ್ಥಶಾಸ್ತ್ರವೇ ಸಾಕ್ಷಿ. ಆ ಗ್ರಂಥದ ತಾಳೆಗರಿಯ ಪ್ರತಿಯನ್ನು 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿ ಲೋಕಕ್ಕೆ ಕೊಟ್ಟವರು ಕನ್ನಡನಾಡಿನ ಆರ್. ಶಾಮಶಾಸ್ತ್ರಿಗಳು. ಅದರಲ್ಲಿ ಸುರಾಧ್ಯಕ್ಷನೆಂಬ ಅಧಿಕಾರಿಯ ಕರ್ತವ್ಯಗಳನ್ನು ವಿವರಿಸುವ ಅಧ್ಯಾಯವೊಂದಿದೆ. ಮೇದಕವೆಂಬ ಅಕ್ಕಿಯ ಮದ್ಯಕ್ಕೆ ಅಲ್ಲಿ ಹೇಳಿರುವ ಅಳತೆ ಒಂದು ದ್ರೋಣ ನೀರು, ಅರ್ಧ ಆಢಕ ಅಕ್ಕಿ, ಮೂರು ಪ್ರಸ್ಥ ಕಿಣ್ವ. ಎಂದರೆ 16 ಪಾಲು ನೀರಿಗೆ 2 ಪಾಲು ಅಕ್ಕಿ ಮತ್ತು 3 ಪಾಲು ಕಿಣ್ವ.

ಈ ಕಿಣ್ವವಾದರೂ ಯಾವುದು? ಉದ್ದಿನ ಮುದ್ದೆ, ಅದಕ್ಕೆ ಮೂರನೆಯ ಒಂದು ಪಾಲು ಹೆಚ್ಚಾಗಿ ಅಕ್ಕಿ, ಜೊತೆಗೆ ಕೆಲವು ಗಿಡಮೂಲಿಕೆ. ಉದ್ದು ಮತ್ತು ಅಕ್ಕಿ! ಪ್ರತಿ ರಾತ್ರಿ ನಮ್ಮ ಅಡುಗೆಮನೆಗಳಲ್ಲಿ ರುಬ್ಬಿಟ್ಟು ಹುದುಗಿಸುವ ಇಡ್ಲಿಯ ಹಿಟ್ಟಿನ ಸಾಮಗ್ರಿಯೂ ಇದೇ ಅಲ್ಲವೇ? ಬೆಳಗಾಗುವಷ್ಟರಲ್ಲಿ ಹಿಟ್ಟು ಉಬ್ಬಿ ಪಾತ್ರೆಯ ಅಂಚನ್ನು ಮುಟ್ಟಿರುವುದನ್ನು ಕಂಡ ಪ್ರತಿಯೊಬ್ಬ ಗೃಹಿಣಿಯೂ ಈ ಪುರಾತನ ವಿದ್ಯೆಯ ಒಂದು ತುಂಡನ್ನು ಬಲ್ಲವಳೇ. ಇಂದಿನ ಕನ್ನಡ ವಿಜ್ಞಾನ ಪುಸ್ತಕಗಳು ಜೀವಕೋಶದೊಳಗಿನ ರಾಸಾಯನಿಕ ಕಾರ್ಯಕರ್ತಗಳಿಗೆ ಕಿಣ್ವವೆಂಬ ಹೆಸರನ್ನೇ ಕೊಟ್ಟಿರುವುದು ಉಚಿತವಾಗಿದೆ. ಸುರೆಯ ಮತ್ತು ಕಿಣ್ವದ ಸಾಮಗ್ರಿಯನ್ನು ಆರಿಸುವ ಕೆಲಸವನ್ನು ಹೆಂಗಸರೂ ಮಕ್ಕಳೂ ಮಾಡಬೇಕೆಂದು ಕೌಟಿಲ್ಯನು ವಿಧಿಸಿದ್ದಾನೆ. ಹುದುಗಿನ ರಹಸ್ಯ ಸೂಕ್ಷ್ಮಜೀವಿಗಳಲ್ಲಿದೆಯೆಂದು ಫ್ರಾನ್ಸಿನ ಲೂಯಿ ಪಾಶ್ಚರ್ ಸಾರಿದುದು 1857ರ ಅನಂತರ. ಬಿಯರನ್ನು ಕುರಿತ ಅವನ ಗ್ರಂಥ ಬಂದುದು 1876ರಲ್ಲಿ. ಅದಕ್ಕೆ ಸಾವಿರಾರು ವರ್ಷ ಮೊದಲೇ ಹೆಂಗಸರ ಕೈ ಆ ಜೀವಿಗಳನ್ನು ಕಾಣದೆಯೇ ಪಳಗಿಸಿತ್ತು.

ಅದೇ ಅಧ್ಯಾಯದ ಇನ್ನೊಂದು ಕಟ್ಟಳೆ ಹೆಚ್ಚು ಗಮನಾರ್ಹವಾದುದು. ಸುರೆಯ ತಯಾರಿಕೆಯೂ ಮಾರಾಟವೂ ಅರಸನ ಹಿಡಿತದಲ್ಲಿದ್ದವು. ಆದರೂ ಗೃಹಸ್ಥರು ಶುಭಕಾರ್ಯಗಳ ಸಂದರ್ಭದಲ್ಲಿ ಬಿಳಿಯ ಸುರೆಯನ್ನೂ, ಔಷಧಕ್ಕಾಗಿ ಅರಿಷ್ಟವನ್ನೂ ಮನೆಯಲ್ಲಿ ಮಾಡಿಕೊಳ್ಳಬಹುದಾಗಿತ್ತು. ಉತ್ಸವ, ಜಾತ್ರೆಗಳಲ್ಲಿ ನಾಲ್ಕು ದಿನಗಳ ಅನುಮತಿ ಬೇರೆ. ಅಂಗಡಿಯ ಮದ್ಯ ಬೇರೆ, ಮನೆಯ ಮಡಕೆ ಬೇರೆ ಎಂಬ ವಿವೇಚನೆ ಆ ಕಾಲದ ಕಾನೂನಿಗಿತ್ತು.

ಮಡಕೆಯ ಅಳತೆ ತಪ್ಪಿದುದು

ಹಳೆಯ ಮಡಕೆಗೆ ತನ್ನದೇ ಆದ ಒಂದು ಅಳತೆಯಿತ್ತು. ಹೆಂಡ ಒಂದು ದಿನಕ್ಕಿಂತ ಹೆಚ್ಚು ಕಾಲ ಕುಡಿಯಲು ಯೋಗ್ಯವಾಗಿರದು. ಕೂಡಿಡುವಂತಿಲ್ಲ, ದೂರಕ್ಕೆ ಸಾಗಿಸುವಂತಿಲ್ಲ. ಧಾನ್ಯದ ಬಿಯರನ್ನು ಮಾಡಬೇಕಾದರೆ ಮನೆಯಲ್ಲಿ ಧಾನ್ಯ ಮಿಕ್ಕಿರಬೇಕು. ಸುಗ್ಗಿಯಲ್ಲಿ ಹಬ್ಬಕ್ಕೊಮ್ಮೆ ಆದೀತೇ ಹೊರತು ದಿನವೂ ಆಗದು. ಹುದುಗುವಿಕೆ ಮದ್ಯಸಾರವನ್ನು ಒಂದು ಮಿತಿಗಿಂತ ಮೇಲೇರಿಸದು. ಮದ್ಯಸಾರ ಹೆಚ್ಚಿದಂತೆ ಅದನ್ನು ಹುಟ್ಟಿಸಿದ ಯೀಸ್ಟೇ ಸಾಯುತ್ತದೆ. ಹಳೆಯ ಕಾಲದಲ್ಲಿ ಕುಡಿದು ಕೆಟ್ಟವರಿರಲಿಲ್ಲವೆಂದು ಇದರ ಅರ್ಥವಲ್ಲ. ಆದರೆ ಕೇಡಿಗೆ ಪ್ರಕೃತಿಯೇ ಕಟ್ಟಿದ ಒಂದು ಒಡ್ಡು ಇತ್ತು.

ಆ ಒಡ್ಡನ್ನು ಒಡೆದವು ಎರಡು: ಭಟ್ಟಿ ಮತ್ತು ಹರಾಜು. ಹುದುಗಿದುದನ್ನು ಕಾಯಿಸಿ ಆವಿಯನ್ನು ತಣಿಸಿ ಇಳಿಸಿದ ಸಾರಾಯಿಯಲ್ಲಿ ಮದ್ಯಸಾರ ಹೆಂಡದಲ್ಲಿರುವುದರ ಹಲವು ಮಡಿ; ಅದು ಕೆಡುವುದೂ ಇಲ್ಲ, ಎಲ್ಲಿಗೆ ಬೇಕಾದರೂ ಸಾಗುತ್ತದೆ. ಇತ್ತ ಅಬಕಾರಿ ಆಡಳಿತದಲ್ಲಿ ಮರಕ್ಕೆ ತೆರಿಗೆ, ಅಂಗಡಿಗೆ ಹರಾಜು ಬಂದವು. ಹರಾಜಿನಲ್ಲಿ ದೊಡ್ಡ ಮೊತ್ತ ಕೂಗಿದ ಗುತ್ತಿಗೆದಾರನಿಗೆ ಜನರು ಹೆಚ್ಚು ಹೆಚ್ಚು ಕುಡಿದರೆ ಮಾತ್ರ ಲಾಭ. ಮರವೇರುವವನಿಗೆ ಕೂಲಿ, ಗುತ್ತಿಗೆದಾರನಿಗೆ ಸಂಪತ್ತು, ಬೊಕ್ಕಸಕ್ಕೆ ಆದಾಯ, ಕುಡಿದವನ ಹೆಂಡತಿಗೆ ಬರಿಗೈ! ಈ ಲೆಕ್ಕ ನಾಡಿನ ಹಳ್ಳಿಹಳ್ಳಿಯಲ್ಲಿಯೂ ನಡೆಯಿತು.

ಹೆಂಡದಂಗಡಿಯ ಈ ಲೋಕ ಕನ್ನಡ ಸಾಹಿತ್ಯಕ್ಕೂ ಬಂದಿತು. ರಾಮನಗರದಲ್ಲಿ ಹುಟ್ಟಿದ ಜಿ. ಪಿ. ರಾಜರತ್ನಂ ಅವರ ‘ರತ್ನನ ಪದಗಳು’ ಹೆಂಡಗುಡುಕನೊಬ್ಬನ ಬಾಯಲ್ಲಿ ಅವನದೇ ಆಡುಮಾತನ್ನಿಟ್ಟು, ಅವನ ಬಡತನವನ್ನೂ ದೊಡ್ಡ ಮನಸ್ಸನ್ನೂ ವಿದ್ಯಾವಂತರ ಮನೆಗಳಿಗೆ ತಂದವು.

ಕಾನೂನನ್ನು ತಪ್ಪಿಸಿ ನಡೆದ ಕಳ್ಳಭಟ್ಟಿಯ ದಂಧೆ ಇನ್ನೂ ಭೀಕರವಾದುದು. 1981ರಲ್ಲಿ ಬೆಂಗಳೂರಿನಲ್ಲಿ ವಿಷಮದ್ಯಕ್ಕೆ ಮುನ್ನೂರಕ್ಕೂ ಹೆಚ್ಚು ಜನ ಬಲಿಯಾದರು. 2008ರ ಮೇ ತಿಂಗಳಿನಲ್ಲಿ ಕರ್ನಾಟಕ ಮತ್ತು ತಮಿಳುನಾಡಿನ ಗಡಿಯ ಪ್ರದೇಶಗಳಲ್ಲಿ ಮತ್ತೆ ನೂರಕ್ಕೂ ಹೆಚ್ಚು ಸಾವುಗಳಾದವು. ಇಂತಹ ದುರಂತಗಳಲ್ಲಿ ಸಾಮಾನ್ಯವಾಗಿ ಕೊಲ್ಲುವುದು ಮೆಥೈಲ್ ಮದ್ಯಸಾರವೆಂಬ ಕಾರ್ಖಾನೆಯ ದ್ರಾವಣ. ಅದನ್ನು ಅಮಲಿಗಾಗಿ ಬೆರೆಸುವುದು ದುರಾಸೆ. ಅದು ಕಣ್ಣನ್ನು ಮೊದಲು ಕೆಡಿಸಿ ಪ್ರಾಣವನ್ನು ಅನಂತರ ಹೀರುತ್ತದೆ. ಮಣ್ಣಿನ ಮಡಕೆಯಲ್ಲಿ ಹುದುಗಿದ ಈಚಲ ರಸಕ್ಕೂ ಈ ವಿಷಕ್ಕೂ ಹೆಸರಿನ ಸಂಬಂಧವೇ ಹೊರತು ಬೇರಿಲ್ಲ.

ಮಾಡಬೇಡವೆಂದ ಗುರು

ಮದ್ಯವನ್ನು ಮಾರಿ ಬದುಕುವವರ ನಡುವಿನಿಂದಲೇ ಆತ್ಮವಿಮರ್ಶೆಯ ದನಿ ಏಳುವುದು ಕನ್ನಡನಾಡಿಗೆ ಹೊಸದಲ್ಲ. 12ನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯನೆಂಬ ವಚನಕಾರನಿದ್ದನು. ಕಸುಬಿನ ಹೆಸರೇ ಅವನ ಹೆಸರಾಗಿ ಉಳಿಯಿತು. 1939ರಲ್ಲಿ ಚಿತ್ರದುರ್ಗದ ಬಳಿಯ ತುರುವನೂರಿನಲ್ಲಿ ಎಸ್. ನಿಜಲಿಂಗಪ್ಪ ಮೊದಲಾದವರು ಈಚಲ ಮರಗಳನ್ನು ಕಡಿದು ಸತ್ಯಾಗ್ರಹ ನಡೆಸಿದರು. ಆದರೆ ಕುಡಿಯುವವರಿಗೆ ಬೇಡವೆನ್ನುವುದು ಒಂದು ಮಾತು. ಅದನ್ನೇ ನಂಬಿ ಬದುಕುವವರಿಗೆ ಬೇಡವೆನ್ನುವುದು ಇನ್ನೊಂದು ಮಾತು. ಈ ಎರಡನೆಯ ಮಾತನ್ನು ಆಡುವ ಅಧಿಕಾರ ಹೊರಗಿನವರಿಗಿಲ್ಲ.

ಆ ಅಧಿಕಾರವಿದ್ದವರು ನಾರಾಯಣ ಗುರುಗಳು. ಕೇರಳದಲ್ಲಿ ಮರವೇರುವ ಕಸುಬಿನವರೆಂದು ಕೀಳಾಗಿ ಕಂಡ ಈಳವ ಸಮಾಜದಲ್ಲಿಯೇ ಅವರು ಹುಟ್ಟಿದರು. 1888ರಲ್ಲಿ ಅರುವಿಪ್ಪುರದಲ್ಲಿ ಶಿವಲಿಂಗವನ್ನು ಪ್ರತಿಷ್ಠಾಪಿಸಿ, ದೇವರಿಗೂ ಜಾತಿಗೂ ಇದ್ದ ಕಟ್ಟನ್ನು ಸಡಿಲಿಸಿದರು. 1912ರಲ್ಲಿ ಮಂಗಳೂರಿನ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದರು. ಅಲ್ಲಿಂದ ಅವರ ಪ್ರಭಾವ ಕನ್ನಡನಾಡಿನ ಬಿಲ್ಲವರಿಗೂ ಮುಂದೆ ಈಡಿಗರಿಗೂ ಹರಡಿತು. 1921ರಲ್ಲಿ ಅವರು ಕೊಟ್ಟ ಸಂದೇಶದ ತಾತ್ಪರ್ಯವಿಷ್ಟು: ಮದ್ಯವು ವಿಷ, ಅದನ್ನು ಮಾಡಬಾರದು, ಕೊಡಬಾರದು, ಕುಡಿಯಬಾರದು. ಮೂರು ನಿಷೇಧಗಳಲ್ಲಿ ಮಾಡಬಾರದೆಂಬುದು ಮೊದಲು ಬರುವುದನ್ನು ಗಮನಿಸಬೇಕು. ತಮ್ಮ ಜನರ ಅನ್ನದ ಬಟ್ಟಲನ್ನೇ ತ್ಯಜಿಸಲು ಅವರು ಕೇಳಿದರು. ಅದಕ್ಕೆ ಪ್ರತಿಯಾಗಿ ತೋರಿಸಿದ ದಾರಿ ವಿದ್ಯೆ, ಕೈಗಾರಿಕೆ, ಸಂಘಟನೆ. ಗುರುಗಳು 1928ರಲ್ಲಿ ಸಮಾಧಿಸ್ಥರಾದರು. ಸೋಲೂರಿನ ಪೀಠದಲ್ಲಿ ಅವರ ಹೆಸರಿಗಿರುವ ಗೌರವ ಈ ಹಾದಿಯ ಫಲ.

ಉಳಿದಿರುವ ಪ್ರಶ್ನೆ

1965ರಲ್ಲಿ ಬಂದ ಅಬಕಾರಿ ಕಾನೂನಿನಂತೆ ಪರವಾನಗಿಯಿಲ್ಲದೆ ಮಾದಕ ಪಾನೀಯವನ್ನು ತಯಾರಿಸುವುದು ಅಪರಾಧ. ಕೌಟಿಲ್ಯನು ಗೃಹಸ್ಥರಿಗೆ ಕೊಟ್ಟಿದ್ದ ರಿಯಾಯಿತಿ ಇಂದಿನ ಸಂಸಾರಿಗಿಲ್ಲ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿಯ ಮಾರಾಟ ನಿಂತಿತು. ಹೆಂಡ ಇಳಿಸುವುದೂ ಒಳನಾಡಿನಲ್ಲಿ ನಿಂತು, ಕರಾವಳಿಯ ಜಿಲ್ಲೆಗಳಿಗೆ ಸೀಮಿತವಾಯಿತು. ನಿಂತುದು ಹಳೆಯ ಮಡಕೆಯೇ ಹೊರತು ಕುಡಿತವಲ್ಲ. ಐದು ಹಳೆಯ ಬ್ರೂವರಿಗಳನ್ನು ಕೂಡಿಸಿ 1915ರಲ್ಲಿ ಹುಟ್ಟಿದ ಯುನೈಟೆಡ್ ಬ್ರೂವರೀಸ್ ಸಂಸ್ಥೆಗೆ ಬೆಂಗಳೂರೇ ನೆಲೆ. ಈ ಶತಮಾನದ ಎರಡನೆಯ ದಶಕದಲ್ಲಿ ಅದೇ ನಗರದಲ್ಲಿ ಗಿರಾಕಿಗಳ ಕಣ್ಣೆದುರಿಗೇ ಬಿಯರ್ ತಯಾರಿಸುವ ಪರವಾನಗಿಯುಳ್ಳ ಹೋಟೆಲುಗಳು ತಲೆಯೆತ್ತಿದವು. ಕೆಲವೆಡೆ ರಾಗಿಯ ಬಿಯರೂ ದೊರೆಯುತ್ತದೆ. ಹಳ್ಳಿಯ ಹಿತ್ತಿಲಿನಲ್ಲಿ ಅಪರಾಧವಾದುದು ನಗರದ ಮಹಡಿಯಲ್ಲಿ ನಾಗರಿಕತೆಯೆನಿಸಿದೆ.

ಈ ವಿರೋಧಾಭಾಸ ಕಸುಬನ್ನು ಕಳೆದುಕೊಂಡವರಿಗೆ ಕಾಣದೇ ಇಲ್ಲ. 2023ರ ಜನವರಿಯಲ್ಲಿ ಪ್ರಣವಾನಂದ ಸ್ವಾಮೀಜಿಯವರು ಮಂಗಳೂರಿನಿಂದ ಬೆಂಗಳೂರಿಗೆ ನಡೆಸಿದ ಪಾದಯಾತ್ರೆಯ ಬೇಡಿಕೆಗಳಲ್ಲಿ ಹೆಂಡ ಇಳಿಸುವ ಕಸುಬಿಗೆ ಮತ್ತೆ ಅನುಮತಿ ಕೊಡಬೇಕೆಂಬುದೂ ಒಂದಾಗಿತ್ತು. ಒಬ್ಬನೇ ಗುರುವಿನ ಹೆಸರಿನಲ್ಲಿ ಕಸುಬನ್ನು ಬಿಡುವ ಮಾತೂ, ಕಸುಬನ್ನು ಮರಳಿ ಕೇಳುವ ಮಾತೂ ಇಂದು ಕೇಳಿಬರುತ್ತಿವೆ. ಎರಡರ ಹಿಂದೆಯೂ ಇರುವುದು ಒಂದೇ ಚಿಂತೆ. ಮಕ್ಕಳ ಅನ್ನ ಮತ್ತು ಮರ್ಯಾದೆ.

ಗುರುಗಳು ಬೇಡವೆಂದುದು ಮದ್ಯವನ್ನು. ಮರವನ್ನಲ್ಲ, ಮರದ ಸಿಹಿಯನ್ನಲ್ಲ. ಅದೇ ಕತ್ತಿ, ಅದೇ ಗಡಿಗೆ, ಅದೇ ರಸ. ನಡುವೆ ಒಂದು ಹಿಡಿ ಸುಣ್ಣ ಬಿದ್ದರೆ ಅದು ಕೂಸುಗಳೂ ಕುಡಿಯಬಹುದಾದ ನೀರಾ, ಇಲ್ಲವೇ ಬೆಲ್ಲ. ಹುದುಗಿನ ವಿದ್ಯೆಯಾದರೋ ಇಡ್ಲಿಯ ಹಿಟ್ಟಿನಲ್ಲಿ, ರಾತ್ರಿ ನೆನೆದ ಅಂಬಲಿಯಲ್ಲಿ, ಅರಿಷ್ಟದ ಭರಣಿಯಲ್ಲಿ ಜೀವಂತವಾಗಿಯೇ ಇದೆ. ಅಳಿಯುವ ಭಯವಿರುವುದು ಮರವೇರಿ, ಮರವನ್ನು ಕೊಲ್ಲದೆ ರಸವನ್ನು ಪಡೆಯುವ ಕೈಚಳಕಕ್ಕೆ. ಅದು ಪುಸ್ತಕದಿಂದ ಬರುವ ವಿದ್ಯೆಯಲ್ಲ. ತಂದೆಯ ಬೆನ್ನ ಹಿಂದೆ ಮರವೇರಿದ ಮಗನಿಗೆ ಮಾತ್ರ ಬರುವಂತಹುದು. ಒಂದು ತಲೆಮಾರು ಕತ್ತಿಯನ್ನು ಕೆಳಗಿಟ್ಟರೆ ಮುಂದಿನವರಿಗೆ ಕಲಿಸುವವರಿಲ್ಲ. ಹಳ್ಳದ ಬದಿಯಲ್ಲಿ ಇನ್ನೂ ನಿಂತಿರುವ ಹಳೆಯ ಈಚಲ ಮರಗಳ ಅಂಕುಡೊಂಕಾದ ಕಾಂಡಗಳಲ್ಲಿ ಆ ಕೈಗಳ ಲೆಕ್ಕ ಬರೆದಿದೆ; ಮೇಲ್ತುದಿಗೆ ಬರುತ್ತಾ ಗುರುತುಗಳು ನಿಂತುಹೋಗಿ, ಕಾಂಡ ನೇರವಾಗಿ ಬೆಳೆದಿದೆ.